ಯಥಾಶಕ್ತಿ: ವಿವಾಹದ ವೆಚ್ಚವೂ ಮನೆಯವರ ಕೈಗೆಲಸವೂ

ಕಾಫಿಯ ಕೊಯ್ಲು ಮುಗಿದು ಹೂಮಳೆಯನ್ನು ಎದುರುನೋಡುವ ಮಾಘ ಫಾಲ್ಗುಣ ಮಾಸಗಳಲ್ಲಿ ನಮ್ಮ ಕೊಡಗಿನ ಪುರೋಹಿತರ ಮನೆಯ ಜಗಲಿ ಬರಿದಾಗಿರುವುದು ಅಪರೂಪ. ಮುಹೂರ್ತ ಕೇಳುವವರು, ಸಾಮಾನಿನ ಪಟ್ಟಿ ಬರೆಸಿಕೊಳ್ಳುವವರು, ಜಾತಕ ಹಿಡಿದು ಬರುವವರು ಒಬ್ಬರ ಹಿಂದೊಬ್ಬರು ಇದ್ದೇ ಇರುತ್ತಾರೆ. ಎರಡು ವರ್ಷಗಳ ಹಿಂದೆ ಇಂತಹ ಒಂದು ಸಂಜೆ ಸೋಮವಾರಪೇಟೆಯ ಕಡೆಯ ಗೃಹಸ್ಥರೊಬ್ಬರು ನಮ್ಮ ತೀರ್ಥರೂಪರನ್ನು ಕಾಣಲು ಬಂದರು. ಅವರ ಮಗಳಿಗೆ ವರ ನಿಶ್ಚಯವಾಗಿತ್ತು. ಅವರಿಗೆ ಇದ್ದುದು ಸಣ್ಣದೊಂದು ತೋಟ, ಅಲ್ಪವಾದ ಪಿಂಚಣಿ. ಕುಳಿತವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಕೇಳಿದರು: “ಭಟ್ಟರೇ, ಸಾಲ ಮಾಡಲಾರೆ. ಆದರೆ ತನ್ನದು ಬಡತನದ ಮದುವೆಯಾಯಿತೆಂದು ಮಗಳಿಗೆ ಎಂದೂ ಅನ್ನಿಸಬಾರದು. ದುಡ್ಡು ಸುರಿಯದೆ, ಇದು ನಮ್ಮ ಮನೆಯದೇ ಮದುವೆ ಎನ್ನುವಂತೆ ಏನಾದರೂ ಮಾಡಬಹುದೇ? ಮಾಡಿದರೆ ಶಾಸ್ತ್ರಕ್ಕೆ ಲೋಪವಾಗುವುದಿಲ್ಲವಷ್ಟೆ?”

ತೀರ್ಥರೂಪರು ಕೂಡಲೇ ಉತ್ತರ ಹೇಳಲಿಲ್ಲ. ನಾಲ್ವತ್ತು ವರ್ಷಗಳ ಕಾಲ ನೂರಾರು ವಿವಾಹಗಳನ್ನು ಮಾಡಿಸಿದವರು ಇಷ್ಟು ಸರಳವಾದ ಪ್ರಶ್ನೆಗೆ ಏಕೆ ಮೌನವಾದರೆಂಬುದು ನನಗೆ ತಿಳಿದಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಪ್ರಶ್ನೆಯನ್ನೇ ಸ್ವಲ್ಪ ವಿಚಾರ ಮಾಡೋಣ.

ಪ್ರತಿಯೊಂದು ಕರ್ಮದ ಸಂಕಲ್ಪದಲ್ಲಿಯೂ ‘ಯಥಾಶಕ್ತಿ’ ಎಂಬ ಪದವನ್ನು ಉಚ್ಚರಿಸುತ್ತೇವೆ. ಶಕ್ತಿಯಿದ್ದಷ್ಟು, ಶಕ್ತಿಗೆ ತಕ್ಕಂತೆ ಎಂದು ಅದರ ಅರ್ಥ. ಕೇಳಿದವರು ಇದನ್ನು ವಿನಯದ ಮಾತೆಂದೇ ಭಾವಿಸುತ್ತಾರೆ. ಮನೆಗೆ ಬಂದವರಿಗೆ ಹತ್ತು ಬಗೆಯ ಅಡಿಗೆ ಮಾಡಿ ‘ಏನೂ ಇಲ್ಲ, ಊಟಕ್ಕೆ ಏಳಿ’ ಎನ್ನುವುದಿಲ್ಲವೇ, ಹಾಗೆ. ಆದರೆ ಶಾಸ್ತ್ರಕಾರರು ಉಪಚಾರಕ್ಕಾಗಿ ಪದಗಳನ್ನು ಪೋಣಿಸಿದವರಲ್ಲ. ವ್ರತಗಳ ವಿಧಿಯನ್ನು ಹೇಳುವಾಗ ಅವರು ‘ವಿತ್ತಶಾಠ್ಯ’ ಕೂಡದೆಂದು ಎಚ್ಚರಿಸುತ್ತಾರೆ. ಶಾಠ್ಯವೆಂದರೆ ಕಪಟ. ಕೈಯಲ್ಲಿ ಹಣವಿದ್ದೂ ಇಲ್ಲವೆಂದು ತೋರಿಸಿ ದೇವರ ಮುಂದೆ, ಬ್ರಾಹ್ಮಣರ ಮುಂದೆ, ಅತಿಥಿಗಳ ಮುಂದೆ ಕೈ ಬಿಗಿಹಿಡಿಯುವುದು ವಿತ್ತಶಾಠ್ಯ. ಇಲ್ಲಿ ನಿಷೇಧಿಸಿರುವುದು ಕಡಮೆ ವೆಚ್ಚವನ್ನಲ್ಲ, ಕಪಟವನ್ನು ಎಂಬುದನ್ನು ಗಮನಿಸಬೇಕು. ಹಾಗಾದರೆ ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸುವುದು ಏನು? ಅದೂ ಶಾಠ್ಯವೇ, ಮುಖ ಮಾತ್ರ ಬೇರೆಯ ಕಡೆಗೆ. ಸಾಲದ ಹಣದಿಂದ ಮಂಟಪವನ್ನು ಕಟ್ಟಿಸಿ, ಅದರ ಅಡಿಯಲ್ಲಿ ಕುಳಿತು ‘ಯಥಾಶಕ್ತಿ’ ಎಂದು ಸಂಕಲ್ಪ ಮಾಡುವವನು ಕೈಯಲ್ಲಿ ಅಕ್ಷತೆಯನ್ನೂ ನೀರನ್ನೂ ಹಿಡಿದುಕೊಂಡೇ ಅಸತ್ಯವನ್ನು ನುಡಿಯುತ್ತಾನೆ.

ಈ ಮಾತಿಗೆ ನಮ್ಮವರಲ್ಲಿ ಒಂದು ಸಿದ್ಧವಾದ ಉತ್ತರವುಂಟು. “ಸಾಕ್ಷಾತ್ ಶ್ರೀನಿವಾಸನೇ ಕುಬೇರನಲ್ಲಿ ಸಾಲ ಮಾಡಿ ಕಲ್ಯಾಣ ಮಾಡಿಕೊಂಡನಲ್ಲ!” ನಮ್ಮ ಮನೆಗಳಲ್ಲಿ ವಿವಾಹಕ್ಕೆ ಮುಂಚೆ ಶ್ರೀನಿವಾಸಕಲ್ಯಾಣದ ಪಾರಾಯಣ ಮಾಡಿಸುವ ಪದ್ಧತಿ ಇರುವುದರಿಂದ ಆ ಕಥೆ ಎಲ್ಲರಿಗೂ ಕಂಠಸ್ಥ. ಆದರೆ ಕಥೆಯನ್ನು ಪ್ರಮಾಣವಾಗಿ ತರುವವರು ಅದನ್ನು ಪೂರ್ಣವಾಗಿ ತರಬೇಕು. ಅಲ್ಲಿ 14 ಲಕ್ಷ ರಾಮಮುದ್ರೆಗಳ ಸಾಲ ಮಾಡಿದವನು ವರ. ಕನ್ಯೆಯ ತಂದೆಯಾದ ಆಕಾಶರಾಜನು ಒಂದು ಕಾಸನ್ನೂ ಸಾಲ ತಂದವನಲ್ಲ. ಪತ್ರವನ್ನು ಬರೆದುಕೊಟ್ಟವನೂ, ಬ್ರಹ್ಮ ರುದ್ರರನ್ನೂ ಅಶ್ವತ್ಥವೃಕ್ಷವನ್ನೂ ಸಾಕ್ಷಿಯಾಗಿಸಿಕೊಂಡವನೂ, ಇಂದಿಗೂ ಬಡ್ಡಿ ಕಟ್ಟುತ್ತಿರುವವನೂ ವರನೇ. ಈ ಪ್ರಮಾಣದ ಪ್ರಕಾರ ನಡೆಯುತ್ತೇವೆಂದು ಯಾವ ವರನ ಕಡೆಯವರಾದರೂ ಮುಂದೆ ಬಂದರೆ ಕನ್ಯಾಪಿತೃಗಳು ಸಂತೋಷದಿಂದ ಒಪ್ಪಿಯಾರು!

ನಗೆಯ ಮಾತು ಸಾಕು. ನಮ್ಮ ಮನೆಯಲ್ಲಿ ಇದೇ ಕಥೆಯನ್ನು ಪ್ರಮಾಣವಾಗಿ ತಂದವರು ನಮ್ಮ ತೀರ್ಥರೂಪರೇ. 2009ರಲ್ಲಿ ಅಕ್ಕನ ವಿವಾಹ ನಡೆಯಿತು. ವರನ ಕಡೆಯವರು ಸಜ್ಜನರು, ಏನನ್ನೂ ಕೇಳಿದವರಲ್ಲ. ಆದರೂ ತಂದೆಯವರು ಊರಿನ ಒಬ್ಬರಲ್ಲಿ 3 ಲಕ್ಷ ರೂಪಾಯಿಗಳನ್ನು ಬಡ್ಡಿಗೆ ತಂದರು. ದೊಡ್ಡ ಛತ್ರ, ಮೈಸೂರಿನಿಂದ ಬಂದ ಅಲಂಕಾರದವರು, ಊಟಕ್ಕೆ ಐದು ಬಗೆಯ ಸಿಹಿ. ಕಾರಣ ಕೇಳಿದರೆ ಅವರು ಹೇಳಿದುದು ಇಷ್ಟೇ: “ಜಿಲ್ಲೆಯ ಎಲ್ಲರ ಮನೆಯ ಮದುವೆಯಲ್ಲಿಯೂ ಊಟ ಮಾಡಿದವನು ನಾನು. ನನ್ನ ಮನೆಯ ಮದುವೆಯಲ್ಲಿ ಎಲೆ ಸಣ್ಣದಾಯಿತೆಂದು ಯಾರೂ ಅನ್ನಬಾರದು.” ಸಾಲ ತೀರಿದ್ದು 2015ರಲ್ಲಿ. ಆ ಆರು ವರ್ಷಗಳಲ್ಲಿ ನಾನು ಪಾಠಶಾಲೆಯಲ್ಲಿ ವೇದಾಂತದ ಪಾಠವನ್ನು ನಡುವಿನಲ್ಲಿಯೇ ಬಿಟ್ಟು, ಕಾಫಿ ಸಂಸ್ಕರಣೆಯ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತ, ಅಂಚೆಯ ಮೂಲಕ ಬಿ.ಎ. ಮುಗಿಸಿದೆ. ನ್ಯಾಯಸುಧೆಯ ಪಾಠವನ್ನು ಕೇಳಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು. ಇದನ್ನು ದೂರಾಗಿ ಬರೆಯುತ್ತಿಲ್ಲ. ಪ್ರತಿನಿತ್ಯ ‘ಯಥಾಶಕ್ತಿ’ ಎನ್ನುವ ಬಾಯಿಯುಳ್ಳ ಸಾತ್ತ್ವಿಕರೊಬ್ಬರಿಗೆ, ಮಗಳ ವಿವಾಹ ಬಂದಾಗ, ಆ ಪದ ಏಕೆ ಒದಗಿಬರಲಿಲ್ಲವೆಂಬುದೇ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಲೋಭವಿರಲಿಲ್ಲ, ಮದವಿರಲಿಲ್ಲ. ಇದ್ದದ್ದು ಲಜ್ಜೆ.

ಈ ಲಜ್ಜೆಯನ್ನು ಭಾಗವತವು ಕುಚೇಲನಲ್ಲಿ ತೋರಿಸಿದೆ. ಅವನ ಪತ್ನಿ ನೆರೆಮನೆಗಳಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಹರಕು ಬಟ್ಟೆಯಲ್ಲಿ ಕಟ್ಟಿ ಗಂಡನ ಕೈಗೆ ಕೊಡುತ್ತಾಳೆ. ದ್ವಾರಕೆಯ ವೈಭವವನ್ನು ಕಂಡ ಬಳಿಕ ಆ ಗಂಟನ್ನು ಕೊಡಲು ಅವನಿಗೆ ನಾಚಿಕೆ. ತಲೆ ತಗ್ಗಿಸಿ ಕುಳಿತುಬಿಡುತ್ತಾನೆ. ಭಗವಂತನೇ ಅದನ್ನು ಕಸಿದುಕೊಳ್ಳಬೇಕಾಯಿತು. ಉಪನ್ಯಾಸಗಳಲ್ಲಿ ನಾವು ಕುಚೇಲನ ಭಕ್ತಿಯನ್ನು ಹೇಳುತ್ತೇವೆ, ಕೃಷ್ಣನ ಔದಾರ್ಯವನ್ನು ಹೇಳುತ್ತೇವೆ. ಬೇಡಿ ತಂದ ಅವಲಕ್ಕಿಯನ್ನು ಗಂಟು ಕಟ್ಟಿದ ಆ ಗೃಹಿಣಿಯ ವಿಷಯ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಅವಲಕ್ಕಿಯೂ ಅವಳ ಮನೆಯದಲ್ಲ. ಅವಳದೆನ್ನಬಹುದಾದುದು ಆ ಗಂಟೊಂದೇ. ಕುಚೇಲನು ನಾಚಿದನು. ಅವಳು ಕಟ್ಟುವಾಗ ನಾಚಲಿಲ್ಲ.

ಇನ್ನು ಶಾಸ್ತ್ರಲೋಪದ ಮಾತು. ಕನ್ಯಾದಾನ, ಮಾಂಗಲ್ಯಧಾರಣ, ಪಾಣಿಗ್ರಹಣ, ಲಾಜಹೋಮ, ಸಪ್ತಪದಿ ಇವುಗಳಲ್ಲಿ ಕೈಯಾಡಿಸುವ ಅಧಿಕಾರ ಯಾರಿಗೂ ಇಲ್ಲ. ಅವುಗಳ ವಿಧಿಗೆ ಬೇಕಾಗುವ ದ್ರವ್ಯವೂ ಹೆಚ್ಚಿನದಲ್ಲ: ಸಮಿತ್ತು, ತುಪ್ಪ, ಅರಳು, ಅಕ್ಕಿ, ಜೀರಿಗೆ ಬೆಲ್ಲ. ಉಳಿದುದರಲ್ಲಿ ಆಚಾರಕ್ಕೆ ಬಹಳ ಅವಕಾಶವುಂಟು. ಜನಪದ ಧರ್ಮಗಳೂ ಗ್ರಾಮಧರ್ಮಗಳೂ ನಾನಾ ವಿಧವಾಗಿವೆ, ವಿವಾಹದಲ್ಲಿ ಅವನ್ನು ಅನುಸರಿಸಬೇಕೆಂದು ಆಶ್ವಲಾಯನ ಗೃಹ್ಯಸೂತ್ರವೇ ಹೇಳಿದೆ. ಆಪಸ್ತಂಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿವಾಹದ ಆಚಾರಗಳನ್ನು ಸ್ತ್ರೀಯರಿಂದ ತಿಳಿಯಬೇಕೆಂದಿದ್ದಾರೆ. ಸೂತ್ರಕಾರರೇ ಅಜ್ಜಿಯ ಕಡೆಗೆ ಕೈ ತೋರಿಸಿದ ಮೇಲೆ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಅಲಂಕಾರದವರನ್ನು ಕೇಳುವುದು ಯಾವ ಶಾಸ್ತ್ರ?

ರಾಜಶಾಸನವೂ ಇದನ್ನೇ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಪ್ರಕರಣದಂತೆ, ಸಪ್ತಪದಿಯ ಸಂಪ್ರದಾಯವುಳ್ಳವರಲ್ಲಿ ಏಳನೆಯ ಹೆಜ್ಜೆಯನ್ನಿಟ್ಟಾಗ ವಿವಾಹ ಪೂರ್ಣವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ, ಹಿಂದೂ ವಿವಾಹವು ಸಂಸ್ಕಾರವೇ ಹೊರತು ಹಾಡು ಕುಣಿತಗಳ, ತಿಂದು ಕುಡಿಯುವ ಸಮಾರಂಭವಲ್ಲ, ವ್ಯಾಪಾರದ ವ್ಯವಹಾರವೂ ಅಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯವೆಂಬ ಸರಳ ವಿಧಾನದಿಂದ ನೆರವೇರಿಸಿದರು. ಅವರ ವಿಧಾನದಲ್ಲಿ ಪುರೋಹಿತನಿಗೆ ಸ್ಥಾನವಿಲ್ಲವಾದ್ದರಿಂದ ನಮಗೂ ಅವರಿಗೂ ಅಭಿಪ್ರಾಯಭೇದವಿರುವುದು ಸಹಜ. ವೆಚ್ಚದ ವಿಷಯದಲ್ಲಿ ಮಾತ್ರ ಭೇದವಿರಲು ಕಾರಣ ಕಾಣೆ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳಿಂದ ಎಷ್ಟು ಮನೆಗಳು ಸಾಲದಿಂದ ಪಾರಾದವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿಯೇ ನೋಡೋಣ. ನೆರೆಯ ಕೊಡವ ಬಾಂಧವರ ವಿವಾಹದಲ್ಲಿ ನಮ್ಮಂತೆ ಹೋಮವಿಲ್ಲ. ದೀಪದ ಮುಂದೆ ವಧೂವರರನ್ನು ಕೂರಿಸಿ ಹಿರಿಯರು ಒಬ್ಬೊಬ್ಬರಾಗಿ ಅಕ್ಕಿಯನ್ನು ಹಾಕಿ ಹರಸುತ್ತಾರೆ. ವಧುವಿಗೆ ಗಂಡನ ಮನೆಯ ಹಕ್ಕುಗಳನ್ನು ಒಪ್ಪಿಸುವ ಸಂದರ್ಭದಲ್ಲಿ ಸಣ್ಣ ಕಲ್ಲುಗಳನ್ನೇ ಚಿನ್ನದ ತುಣುಕುಗಳೆಂದು ಭಾವಿಸಿ ಎಣಿಸಿ ಕೊಡುವ ಕ್ರಮವಿದೆ. ಆಚಾರ ಬೇರೆಯಾದರೂ ಭಾವವನ್ನು ಅರಿಯಲು ಅಡ್ಡಿಯಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಕೊಡಗಿನ ಅನೇಕ ಕುಟುಂಬಗಳು ಪರಿಹಾರ ಕೇಂದ್ರಗಳನ್ನು ಸೇರಿದಾಗ, ಮನೆಯನ್ನೂ ಮದುವೆಗೆಂದು ಕೂಡಿಟ್ಟ ವಸ್ತುಗಳನ್ನೂ ಕಳೆದುಕೊಂಡ ಕನ್ಯೆಯೊಬ್ಬಳ ವಿವಾಹವು ಅದೇ ತಿಂಗಳ ಕೊನೆಯಲ್ಲಿ ಮಡಿಕೇರಿಯ ಓಂಕಾರೇಶ್ವರ ದೇವಾಲಯದಲ್ಲಿ ನಡೆಯಿತು. 1820ರಲ್ಲಿ ಲಿಂಗರಾಜೇಂದ್ರ ಒಡೆಯರು ಕಟ್ಟಿಸಿದ ಆ ದೇವಾಲಯ ಅರಸುಮನೆಯ ವೈಭವವನ್ನು ಕಂಡದ್ದೇ. ಅಂದು ಬೇಕಾದುದನ್ನು ಹೊಂದಿಸಿಕೊಟ್ಟವರು ಊರಿನ ಜನರು, ಸೇವಾಸಂಸ್ಥೆಗಳವರು. 2020ರಲ್ಲಿ ಸಾಂಕ್ರಾಮಿಕದ ಕಾರಣ ಐವತ್ತು ಜನರಿಗೆ ಮೀರಬಾರದೆಂಬ ನಿಯಮ ಬಂದಾಗಲೂ ವಿವಾಹಗಳು ನಿಲ್ಲಲಿಲ್ಲ. ಆ ವರ್ಷ ತೀರ್ಥರೂಪರೊಡನೆ ನಾನೂ ಹೋಗುತ್ತಿದ್ದೆ. ಬಂದ ಅಷ್ಟೂ ಜನ ಮಾಂಗಲ್ಯಧಾರಣವನ್ನು ಕಣ್ಣಾರೆ ಕಂಡದ್ದು ಆ ವರ್ಷವೇ. ಮರುವರ್ಷದಿಂದ ಮತ್ತೆ ಛಾಯಾಗ್ರಾಹಕರ ಬೆನ್ನುಗಳನ್ನೇ ಕಾಣುವಂತಾಯಿತು.

ಆ ಗೃಹಸ್ಥರಿಗೆ ತೀರ್ಥರೂಪರು ಕಡೆಗೆ ಹೇಳಿದುದು ಒಂದೇ ಮಾತು: “ನಿಮ್ಮ ಮನೆಯಲ್ಲಿ ಯಾರಿಗೆ ಏನು ಬರುತ್ತದೆ, ಅದನ್ನು ಮೊದಲು ಬರೆದುಕೊಂಡು ಬನ್ನಿ.” ಸಾಮಾನಿನ ಪಟ್ಟಿಯ ಬದಲು ಕೈಗಳ ಪಟ್ಟಿ. ಅವರು ಬರೆದು ತಂದರು. ಮುಂದಿನ ಮಾಘದಲ್ಲಿ ನಡೆದ ಆ ವಿವಾಹಕ್ಕೆ ನಾನೂ ಋತ್ವಿಕ್ಕಾಗಿ ಹೋಗಿದ್ದೆನಾದ್ದರಿಂದ ಕಂಡದ್ದನ್ನು ಬರೆಯುತ್ತೇನೆ.

ವಧುವಿನ ಅಜ್ಜಿಗೆ ಕಣ್ಣು ಮಂಜಾಗಿತ್ತಾದರೂ ಬೆರಳು ಚುರುಕಾಗಿತ್ತು. ಮನೆಯ ತೋಟದ ಏಲಕ್ಕಿಯನ್ನು ಒಂದೊಂದಾಗಿ ಆರಿಸಿ, ಒಣಗಿದ ಕಾಯಿ ಸೂಜಿಗೆ ಒಡೆಯದಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ಹಾರಗಳನ್ನು ಅವರೇ ಪೋಣಿಸಿದರು. ದಿನಕ್ಕೆ ಒಂದು ಗೇಣಿನಷ್ಟು. ಮೊಮ್ಮಕ್ಕಳು ದಾರ ಏರಿಸಿಕೊಡುವುದು, ಅಜ್ಜಿ ಪೋಣಿಸುವುದು. ವಿವಾಹದ ಬಳಿಕ ಹಾರಗಳನ್ನು ಬಿಡಿಸಿ ಏಲಕ್ಕಿಯನ್ನು ಎರಡು ಮನೆಗಳವರೂ ಹಂಚಿಕೊಂಡರು. ಇಲ್ಲಿ ಒಂದು ಮಾತು ಹೇಳಬೇಕು. ಏಲಕ್ಕಿ ಅಂಗಡಿಯಲ್ಲಿ ಕೊಳ್ಳುವವರಿಗೆ ಅಗ್ಗದ ವಸ್ತುವಲ್ಲ. ತೋಟವಿಲ್ಲದವರು ಇದನ್ನು ಕೇಳಿ ಪೇಟೆಯಲ್ಲಿ ಏಲಕ್ಕಿಹಾರಕ್ಕೆ ಹೇಳಿಕಳುಹಿಸಿದರೆ ಉದ್ದೇಶವೇ ತಪ್ಪಿತು. ಹಿತ್ತಲಿನ ತುಳಸಿಗಿಂತ ಉತ್ತಮವಾದ ಹಾರ ಯಾವುದಿದೆ?

ಅಂತರಪಟಕ್ಕೆ ವಧುವಿನ ದಿವಂಗತ ಅಜ್ಜನವರ ಶಾಲನ್ನು ಉಪಯೋಗಿಸಬಹುದೇ ಎಂದು ಕೇಳಿದ್ದರು. ವಧೂವರರಿಗೆ ಹೊಸ ವಸ್ತ್ರ ಬೇಕು, ಅಂತರಪಟಕ್ಕೆ ಶುದ್ಧವಾದ ಬಟ್ಟೆ ಸಾಕು ಎಂಬುದು ತೀರ್ಥರೂಪರ ಅಭಿಪ್ರಾಯ. ಮಡಿ ಮಾಡಿದ ಶಾಲಿನ ಮೇಲೆ ತಾಯಿ ಕುಂಕುಮದಿಂದ ಸ್ವಸ್ತಿಕವನ್ನು ಬರೆದರು. ಮಂಗಳಾಷ್ಟಕ ಮುಗಿದು ಅದನ್ನು ಸರಿಸುವಾಗ ಆ ಮನೆಯವರೆಲ್ಲರ ಕಣ್ಣೂ ಒದ್ದೆಯಾಯಿತು. ನನ್ನಂತಹ ಹೊರಗಿನವನಿಗೆ ಅದು ಕೇವಲ ಒಂದು ಹಳೆಯ ಶಾಲು. ಹೊರಗಿನವನಿಗೆ ಕಾಣಬೇಕೆಂದು ಅವರು ಅದನ್ನು ತಂದಿರಲಿಲ್ಲ.

ಧ್ವನಿವರ್ಧಕದ ಹಾಡುಗಳ ಬದಲು ಶ್ರೀ ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಅತ್ತೆಯರೂ ಚಿಕ್ಕಮ್ಮಂದಿರೂ ತಾವೇ ಹಾಡಿದರು. ನಡುವೆ ಒಮ್ಮೆ ಶ್ರುತಿ ತಪ್ಪಿತು, ನಕ್ಕು ಮುಂದುವರಿಸಿದರು. ಬಾಳೆ, ಮಾವಿನ ತೋರಣ, ಅಡಿಕೆಯ ಹಿಂಗಾರದಿಂದ ಮಂಟಪ. ಊಟದಲ್ಲಿ ಒಂದೇ ಸಿಹಿ, ಆದರೆ ಮನೆಯ ಮರದ ಕಿತ್ತಳೆಯ ಸಿಪ್ಪೆಯಿಂದ ಸೋದರತ್ತೆ ಮಾಡಿದ ಗೊಜ್ಜನ್ನು ವರನ ಕಡೆಯವರು ಎರಡೆರಡು ಬಾರಿ ಕೇಳಿ ಬಡಿಸಿಕೊಂಡರು. ಬಡಿಸಿದವರು ಮನೆಯ ಹುಡುಗರೇ. ತಾಂಬೂಲದ ಜೊತೆಗೆ ಹಿತ್ತಲಿನ ಕರಿಮೆಣಸಿನ ಪುಟ್ಟ ಪೊಟ್ಟಣ. ಅದರ ಮೇಲೆ ವಧುವಿನ ತಮ್ಮನ ಕೈಬರಹದಲ್ಲಿ ಇಬ್ಬರ ಹೆಸರು. ಕೊನೆಯ ಐವತ್ತರಲ್ಲಿ ಅಕ್ಷರ ಓರೆಯಾಗಿತ್ತು, ಪಾಪ, ಕೈ ಸೋತಿರಬೇಕು.

ಅಡಿಗೆಯವರ ಕೂಲಿಯಲ್ಲಾಗಲಿ ವಾಲಗದವರ ಸಂಭಾವನೆಯಲ್ಲಾಗಲಿ ಅವರು ಒಂದು ರೂಪಾಯಿಯನ್ನೂ ಕಡಿಯಲಿಲ್ಲ. ಮಿತವ್ಯಯವೆಂದು ದುಡಿಯುವವನ ಕೈಯನ್ನು ಹಿಂಡುವವರನ್ನು ನಾನು ಕಂಡಿದ್ದೇನೆ. ಅದು ನಿಜವಾದ ವಿತ್ತಶಾಠ್ಯ. (ಪುರೋಹಿತನ ಮಗ ದಕ್ಷಿಣೆಯ ವಿಷಯವನ್ನು ಜಾಣತನದಿಂದ ಇಲ್ಲಿ ಸೇರಿಸಿದನೆಂದು ವಾಚಕರು ನಗಬಹುದು. ನಗಲಿ.)

ಇಷ್ಟನ್ನು ಬರೆದ ಮೇಲೆ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸರ್ವಕರ್ತೃವು ಶ್ರೀಹರಿಯಾಗಿರುವಾಗ ‘ನಮ್ಮ ಕೈಯಿಂದ ಮಾಡಿದ್ದು’ ಎಂಬ ಹೆಮ್ಮೆಯೂ ಅಹಂಕಾರವಲ್ಲವೇ? ಆಡಂಬರವನ್ನು ಬಿಟ್ಟು ಸರಳತೆಯ ಆಡಂಬರವನ್ನು ಹಿಡಿದಂತಾಗಲಿಲ್ಲವೇ? ಆಕ್ಷೇಪದಲ್ಲಿ ಸತ್ಯವಿದೆ. ನಮ್ಮ ಕೊಡಗಿನ ರೆಸಾರ್ಟುಗಳಲ್ಲಿ ದೂರದ ಪಟ್ಟಣಗಳ ಶ್ರೀಮಂತರು ಬಂದು ನಡೆಸುವ ವಿವಾಹಗಳಲ್ಲಿ ಬಾಳೆಯ ಕಂಬವನ್ನೂ ಮಣ್ಣಿನ ಕುಡಿಕೆಯನ್ನೂ ದುಬಾರಿ ದರಕ್ಕೆ ಒದಗಿಸುವವರಿದ್ದಾರೆ. ಸರಳತೆಯೂ ಮಾರಾಟದ ವಸ್ತುವಾಗಬಲ್ಲದು.

ಆದರೆ ನಮ್ಮ ಸಿದ್ಧಾಂತದಲ್ಲಿ ಜೀವನಿಗೆ ಕರ್ತೃತ್ವವೇ ಇಲ್ಲವೆಂದಲ್ಲ. ಅದು ಪರಾಧೀನ, ಆದರೂ ಸತ್ಯ. ಸ್ವಾತಂತ್ರ್ಯ ಹರಿಯದು, ಕರ್ತವ್ಯ ಜೀವನದು. ವ್ಯಾಕರಣದಲ್ಲಿ ಮಾಡುವವನೂ ಕರ್ತೃವೇ, ಮಾಡಿಸುವವನೂ ಕರ್ತೃವೇ, ಎರಡನೆಯವನನ್ನು ಪ್ರಯೋಜಕನೆನ್ನುತ್ತಾರೆ. ಹಣ ಕೊಟ್ಟು ಮಾಡಿಸುವುದರಲ್ಲಿ ದೋಷವಿಲ್ಲ. ಎಲ್ಲವನ್ನೂ ಒಂದೇ ಮನೆಯವರು ಮಾಡಲಾಗುವುದೂ ಇಲ್ಲ. ಆದರೆ ಮನೆಯವರೆಲ್ಲರೂ ಪ್ರಯೋಜಕರೇ ಆಗಿ, ಮಾಡುವವನು ಒಬ್ಬನೂ ಇಲ್ಲದಿದ್ದರೆ, ಅರ್ಪಣೆ ಮಾಡುವಾಗ ಕೈಯಲ್ಲಿ ರಸೀದಿಯ ಹೊರತು ಬೇರೇನೂ ಇರುವುದಿಲ್ಲ. ಇನ್ನೊಂದು ವಿಚಾರ. ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ಒಂದು ಜೀವದಂತೆ ಇನ್ನೊಂದಿಲ್ಲ, ಒಬ್ಬರ ಯೋಗ್ಯತೆಯಂತೆ ಇನ್ನೊಬ್ಬರದಿಲ್ಲ. ಶಕ್ತಿಯೂ ಹಾಗೆಯೇ. ಕಣ್ಣು ಮಂಜಾದ ಅಜ್ಜಿಯ ಶಕ್ತಿ ಸೂಜಿಯಲ್ಲಿತ್ತು, ಸೋದರತ್ತೆಯದು ಗೊಜ್ಜಿನಲ್ಲಿ, ಹುಡುಗನದು ಓರೆಯಾದ ಅಕ್ಷರದಲ್ಲಿ. ‘ಯಥಾಶಕ್ತಿ’ ಎಂಬಲ್ಲಿ ಶಕ್ತಿಯೆಂದರೆ ಹಣವೊಂದೇ ಎಂದು ನಾವು ಯಾವಾಗ ಅರ್ಥ ಮಾಡಿಕೊಂಡೆವೋ ಅಂದಿನಿಂದ ಲಜ್ಜೆ ಪ್ರಾರಂಭವಾಯಿತು. ಹಣದಲ್ಲಿ ಹೋಲಿಕೆಗೆ ಅವಕಾಶವಿದೆ; ಅಜ್ಜಿಯ ಹಾರವನ್ನು ಯಾವುದರೊಡನೆ ಹೋಲಿಸುವುದು?

ಈ ಲೇಖನವನ್ನು ಕಳುಹಿಸುವ ಮುಂಚೆ ಅಕ್ಕನಿಗೆ ಓದಿ ಹೇಳಿದೆ. ಅವಳ ವಿವಾಹದ ಮಾತು ಬಂದಿರುವುದರಿಂದ ಅನುಮತಿ ಬೇಕಾಗಿತ್ತು. ಪೂರ್ತಿ ಕೇಳಿ ಅವಳು ಹೇಳಿದಳು: “ಬರೆ, ಅಡ್ಡಿಯಿಲ್ಲ. ಆದರೆ ನನ್ನ ಮದುವೆ ತಪ್ಪಾಯಿತೆಂದು ಬರೆಯಬೇಡ. ಅಂದು ನನಗೆ ಸಂತೋಷವೇ ಆಗಿತ್ತು. ಅಪ್ಪಯ್ಯ ಅಷ್ಟು ಸಂಭ್ರಮಪಟ್ಟದ್ದನ್ನು ನಾನು ಮತ್ತೆ ನೋಡಿಲ್ಲ.” ಆ ಸಾಲದ ಬಡ್ಡಿಯನ್ನು ಎಣಿಸುತ್ತ ಆರು ವರ್ಷ ಕಳೆದ ನನಗೆ ಈ ಮಾತು ಹೊಸದಾಗಿತ್ತು. ತೀರ್ಥರೂಪರ ಸಂಭ್ರಮವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸ್ವಲ್ಪ ತಡೆದು ಅವಳೇ ಮತ್ತೆ ಹೇಳಿದಳು: “ನಿನಗೆ ಗೊತ್ತಿಲ್ಲ. ಆ ದಿನ ನಾಲ್ಕು ಗಂಟೆಗೆ ಎದ್ದು ಮಂಟಪದಲ್ಲಿ ನಾನೇ ರಂಗೋಲಿ ಹಾಕಿದ್ದೆ. ಅಮ್ಮ ಹೇಳಿಕೊಟ್ಟ ಪದ್ಮ, ಸುತ್ತಲೂ ಶಂಖ ಚಕ್ರ. ಒಂದು ಗಂಟೆ ಹಿಡಿಯಿತು. ಸ್ನಾನಕ್ಕೆ ಹೋಗಿ ಬರುವುದರಲ್ಲಿ ಅಲಂಕಾರದವರು ಅದರ ಮೇಲೆ ಜಮಖಾನ ಹಾಸಿಬಿಟ್ಟಿದ್ದರು. ಯಾರಿಗೂ ಹೇಳಲಿಲ್ಲ. ಧಾರೆಯಾಗುವಾಗ ಅದು ಕಾಲಡಿಯಲ್ಲಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು.”